ಆಳದ ಅಂಕಿ, ಕಾಲದ ಲೆಕ್ಕ: ಕೈಗಡಿಯಾರ ಮತ್ತು ನೀರು

ಕೈಗಡಿಯಾರದ ಡಯಲಿನ ಕೆಳ ಅಂಚಿನಲ್ಲೋ ಹಿಂಬದಿಯ ಮುಚ್ಚಳದ ಮೇಲೋ ಕಾಣುವ ‘30 ಮೀಟರ್’, ‘50 ಮೀಟರ್’, ‘10 ಬಾರ್’ ಎಂಬಂಥ ಬರಹವನ್ನು ಓದಿದವರು, ಅಷ್ಟು ಆಳದವರೆಗೆ ಆ ವಾಚನ್ನು ಕಟ್ಟಿಕೊಂಡೇ ನೀರಿಗಿಳಿಯಬಹುದೆಂದು ಅರ್ಥಮಾಡಿಕೊಂಡರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ನೀರಿನ ವಿಷಯದಲ್ಲಿ ಮೀಟರೆಂದರೆ ಆಳವೆಂದೇ ಯಾರಾದರೂ ತಿಳಿಯುತ್ತಾರೆ. ಆದರೆ ಅದೇ ವಾಚಿನ ಡಬ್ಬಿಯೊಳಗಿನ ಕೈಪಿಡಿಯನ್ನು ತೆರೆದರೆ ಸಾಮಾನ್ಯವಾಗಿ ಸಿಗುವ ಸೂಚನೆ ಬೇರೆ: 30 ಮೀಟರಿನ ವಾಚು ಕೈ ತೊಳೆಯುವಾಗ ಸಿಡಿಯುವ ಹನಿಯನ್ನೂ ತುಂತುರು ಮಳೆಯನ್ನೂ ತಾಳೀತೇ ಹೊರತು ಈಜಿಗೆ ಸಲ್ಲದು, 50 ಮೀಟರಿನದು ಅಲ್ಪಸ್ವಲ್ಪ ಈಜಿಗೆ ಆದೀತು, ನಿಶ್ಚಿಂತೆಯಿಂದ ಈಜಬೇಕಾದವರು 100 ಮೀಟರಿನದನ್ನು ಕೊಳ್ಳುವುದು ಲೇಸು. ಈಜುಕೊಳದಲ್ಲಿ ಮನುಷ್ಯನ ಮಣಿಕಟ್ಟು ಎರಡು ಮೀಟರಿಗಿಂತ ಕೆಳಗೆ ಹೋಗುವುದೇ ಅಪರೂಪವಾಗಿರುವಾಗ, ಮೂವತ್ತು ಮೀಟರಿನ ಭರವಸೆಯನ್ನು ಮೈಮೇಲೆ ಹೊತ್ತ ವಸ್ತು ಎರಡು ಮೀಟರಿನಲ್ಲಿ ಸೋಲಬಹುದೆಂದು ಅದರ ತಯಾರಕರೇ ಎಚ್ಚರಿಸುವುದು ವಿಚಿತ್ರ. ಇದಕ್ಕೆ ಗಡಿಯಾರದ ವ್ಯಾಪಾರವು ಬಹುಕಾಲದಿಂದ ಕೊಡುತ್ತ ಬಂದಿರುವ ವಿವರಣೆ ಭೌತಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ನಿಲ್ಲುವ ವಿವರಣೆ ಇನ್ನೊಂದಿದೆ. ಅದರಲ್ಲಿ ಆಳಕ್ಕಿಂತ ಕಾಲದ ಪಾತ್ರವೇ ದೊಡ್ಡದು.

ಮೊದಲು ಆ ಅಂಕಿಯ ಹಿಂದಿರುವ ಲೆಕ್ಕವನ್ನು ನೋಡಬೇಕು. ನೀರಿನಲ್ಲಿ ಕೆಳಗಿಳಿದಂತೆಲ್ಲ ಮೇಲಿನ ನೀರಿನ ಭಾರ ಒತ್ತಡವಾಗಿ ಕೂಡುತ್ತ ಹೋಗುತ್ತದೆ, ಪ್ರತಿ 10 ಮೀಟರಿಗೆ ಸುಮಾರು ಒಂದು ಬಾರ್‌ನಷ್ಟು; ಬಾರ್ ಎಂದರೆ ಸಮುದ್ರಮಟ್ಟದಲ್ಲಿ ಗಾಳಿಯು ಎಲ್ಲ ವಸ್ತುಗಳ ಮೇಲೆ ಹೇರುವ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾದ ಮಾನ. ಆದ್ದರಿಂದ 30 ಮೀಟರ್ ಎಂಬುದು 3 ಬಾರ್ ಒತ್ತಡಕ್ಕೆ ಇಟ್ಟ ಇನ್ನೊಂದು ಹೆಸರು, 100 ಮೀಟರ್ ಎಂಬುದು 10 ಬಾರ್‌ಗೆ. ಈ ಒತ್ತಡ ಕಡಿಮೆಯದೇನಲ್ಲ: 30 ಮಿಲಿಮೀಟರ್ ಅಡ್ಡಳತೆಯ ಗಾಜಿನ ವಿಸ್ತಾರ ಏಳು ಚದರ ಸೆಂಟಿಮೀಟರಿನಷ್ಟಿದ್ದು, 10 ಬಾರ್‌ನಲ್ಲಿ ಅದರ ಮೇಲೆ ಬೀಳುವ ಭಾರ ಸುಮಾರು 72 ಕಿಲೋಗ್ರಾಂ, ಎಂದರೆ ಬೆಳೆದ ಒಬ್ಬ ಮನುಷ್ಯ ಗಾಜಿನ ಮೇಲೆ ನಿಂತಷ್ಟು. ಗಾಜು, ಕೇಸು, ಮುಚ್ಚಳ ಇವು ಬಾಗದೆ ಒಡೆಯದೆ ಇದನ್ನು ತಾಳಬೇಕೆನ್ನುವುದು ಯಂತ್ರಶಿಲ್ಪದ ನಿಜವಾದ ಪ್ರಶ್ನೆ, ಮತ್ತು ಅಂಕಿಯು ಆ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರಿಸುತ್ತದೆ. ತೊಡಕು ಬರುವುದು ಸಾಮಾನ್ಯ ಬಳಕೆಯಲ್ಲಿ ವಾಚಿನೊಳಗೆ ನೀರು ಸೇರುವುದು ಗಾಜು ಬಾಗಿ ಅಲ್ಲದಿರುವುದರಿಂದ.

ಆ ಅಂಕಿಯನ್ನು ಕೊಡುವ ಪರೀಕ್ಷೆಯ ಸ್ವರೂಪವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ನಿಗದಿಪಡಿಸಿದೆ. 1990ರ ಐಎಸ್‌ಒ 2281ರ ಜಾಗಕ್ಕೆ 2010ರಲ್ಲಿ ಐಎಸ್‌ಒ 22810 ಬಂತು. ಪರೀಕ್ಷೆಯಲ್ಲಿ ವಾಚನ್ನು ಹತ್ತು ಸೆಂಟಿಮೀಟರ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುತ್ತಾರೆ, ಕೀ ಮತ್ತು ಗುಂಡಿಗಳನ್ನು ಪಕ್ಕದಿಂದ ಹಗುರವಾಗಿ ಒತ್ತಿ ಹತ್ತು ನಿಮಿಷ ನೋಡುತ್ತಾರೆ, 40 ಡಿಗ್ರಿ ಸೆಲ್ಸಿಯಸ್ ನೀರಿನಿಂದ 20 ಡಿಗ್ರಿಗೂ ಅಲ್ಲಿಂದ ಮತ್ತೆ 40ಕ್ಕೂ ಐದೈದು ನಿಮಿಷ ಬದಲಿಸುತ್ತಾರೆ, ಕೊನೆಗೆ ಒತ್ತಡದ ಪಾತ್ರೆಯೊಳಗೆ ಘೋಷಿತ ಒತ್ತಡವನ್ನು ಹತ್ತು ನಿಮಿಷ ಹೇರುತ್ತಾರೆ. ನೀರು ಒಳಹೊಕ್ಕಿದೆಯೇ ಎಂದು ತಿಳಿಯುವ ವಿಧಾನ ಸರಳವೂ ಜಾಣ್ಮೆಯದೂ ಆಗಿದೆ: ವಾಚನ್ನು ಬಿಸಿ ತಟ್ಟೆಯ ಮೇಲಿಟ್ಟು ಗಾಜು ಬೆಚ್ಚಗಾದ ಬಳಿಕ ಅದರ ಮೇಲೆ ತಣ್ಣೀರಿನ ಹನಿಯೊಂದನ್ನು ಇಟ್ಟು, ಸ್ವಲ್ಪ ಹೊತ್ತಿನ ನಂತರ ಒರೆಸಿ, ಗಾಜಿನ ಒಳಮೈಯಲ್ಲಿ ಮಬ್ಬು ಕಂಡರೆ ವಾಚು ತೇರ್ಗಡೆಯಾಗಲಿಲ್ಲವೆಂದು ಲೆಕ್ಕ. ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳು ಕೈಪಿಡಿಯಲ್ಲಿ ಅಪರೂಪಕ್ಕೆ ಬರುತ್ತವೆ. ಈ ಪರೀಕ್ಷೆಗೆ ಒಳಗಾಗುವುದು ಹೊಸ ವಾಚು. ಒತ್ತಡದ ಅವಧಿ ಹತ್ತೇ ನಿಮಿಷ. ಮತ್ತು ತಯಾರಾದ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕೆಂಬ ಕಡ್ಡಾಯವಿಲ್ಲ, ಮಾದರಿಗಳನ್ನು ಆರಿಸಿ ನೋಡಿದರೆ ಸಾಕು. ಹೀಗಾಗಿ ಡಯಲಿನ ಮೇಲಿನ ಅಂಕಿಯು, ಅದೇ ಬಗೆಯ ವಾಚೊಂದು ಹೊಸದಾಗಿದ್ದಾಗ ಕೆಲವು ನಿಮಿಷಗಳ ಮಟ್ಟಿಗೆ ಏನನ್ನು ತಾಳಿತ್ತು ಎಂಬುದರ ವರದಿಯಾಗಿರುತ್ತದೆ.

ಅಂಕಿಗೂ ಕೈಪಿಡಿಗೂ ಇರುವ ಅಂತರವನ್ನು ಅಂಗಡಿಗಳಲ್ಲಿಯೂ ಜಾಹೀರಾತು ಬರಹಗಳಲ್ಲಿಯೂ ವಿವರಿಸುವ ರೂಢಿಯ ಮಾತು ಹೀಗಿದೆ: ಪರೀಕ್ಷೆಯ ನೀರು ನಿಶ್ಚಲವಾಗಿರುತ್ತದೆ, ಈಜುವವನ ಕೈ ಮಾತ್ರ ನೀರನ್ನು ಬಡಿಯುತ್ತ ಸಾಗುತ್ತದೆ, ಆ ಚಲನೆಯಿಂದ ಹುಟ್ಟುವ ಹೆಚ್ಚುವರಿ ಒತ್ತಡ ಎರಡು ಮೀಟರಿನ ಆಳದಲ್ಲಿಯೇ ಮೂವತ್ತು ಮೀಟರಿನ ಒತ್ತಡವನ್ನು ಮೀರಬಲ್ಲದು. ಕೇಳಲು ಇದು ಯುಕ್ತವೆನಿಸುತ್ತದೆ, ಲೆಕ್ಕ ಹಾಕಿದರೆ ಕುಸಿಯುತ್ತದೆ. ಚಲಿಸುವ ವಸ್ತುವಿನ ಮುಂಭಾಗದಲ್ಲಿ ನೀರು ತಡೆದು ನಿಂತಾಗ ಉಂಟಾಗುವ ಒತ್ತಡ ವೇಗದ ವರ್ಗವನ್ನು ಅವಲಂಬಿಸುತ್ತದೆಂಬುದು ಹದಿನೆಂಟನೆಯ ಶತಮಾನದ ಬರ್ನೂಲಿಯ ಕಾಲದಿಂದ ತಿಳಿದ ವಿಷಯ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಅದು ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮವೆಂದು ಗೊತ್ತಾಗುತ್ತದೆ. ಕೈಯನ್ನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿದರೆ ಕೂಡುವ ಒತ್ತಡ 46 ಸೆಂಟಿಮೀಟರ್ ಆಳಕ್ಕೆ ಸಮ. 5 ಮೀಟರ್ ವೇಗದಲ್ಲಾದರೆ ಒಂದೂಕಾಲು ಮೀಟರಿಗೆ. ಮೂವತ್ತು ಮೀಟರಿಗೆ ಸಮನಾದ ಒತ್ತಡ ಹುಟ್ಟಬೇಕಾದರೆ ಕೈ ನೀರಿನೊಳಗೆ ಸೆಕೆಂಡಿಗೆ ಸುಮಾರು 24 ಮೀಟರ್, ಎಂದರೆ ಗಂಟೆಗೆ 87 ಕಿಲೋಮೀಟರ್ ವೇಗದಲ್ಲಿ ಚಲಿಸಬೇಕು. ಹೆದ್ದಾರಿಯ ಬಸ್ಸಿನ ವೇಗದಲ್ಲಿ ತೋಳು ಬೀಸುವ ಈಜುಗಾರ ಇನ್ನೂ ಹುಟ್ಟಿಲ್ಲ.

ಷವರಿನ ಬಗ್ಗೆ ಹೇಳುವ ಮಾತಿನದೂ ಇದೇ ಪಾಡು. ಮನೆಯ ತಾರಸಿಯ ಟ್ಯಾಂಕಿನಿಂದ ತಾನಾಗಿ ಇಳಿದು ಬರುವ ನೀರು ಆ ಟ್ಯಾಂಕಿನ ಎತ್ತರಕ್ಕೆ ತಕ್ಕ ಒತ್ತಡಕ್ಕಿಂತ ಹೆಚ್ಚಿನದನ್ನು ಉಂಟುಮಾಡಲಾರದು. ಮೂರು ಮಹಡಿಯ ಕಟ್ಟಡವಾದರೂ ಅದು ಹತ್ತು ಹನ್ನೆರಡು ಮೀಟರಿನಷ್ಟಾದೀತು, ಕೊಳವೆಯ ತಿರುವುಗಳಲ್ಲಿಯೂ ಷವರಿನ ಸಣ್ಣ ತೂತುಗಳಲ್ಲಿಯೂ ಅದರ ಬಹುಪಾಲು ಕರಗಿಹೋಗಿ ಮಣಿಕಟ್ಟನ್ನು ಮುಟ್ಟುವ ಹೊತ್ತಿಗೆ ಉಳಿಯುವುದು ಅಲ್ಪ. ಈ ಲೆಕ್ಕಕ್ಕೆ ನಿಲುಕದ ಸಂದರ್ಭಗಳಿವೆಯೆಂಬುದನ್ನು ಒಪ್ಪಬೇಕು: ಎತ್ತರದ ಹಲಗೆಯಿಂದ ಧುಮುಕುವಾಗ ಕೈ ನೀರಿಗೆ ತಾಗುವ ಮೊದಲ ಕ್ಷಣದ ಹೊಡೆತ ಸೂತ್ರಕ್ಕಿಂತ ತೀಕ್ಷ್ಣವಾಗಿರುತ್ತದೆ, ವಾಹನ ತೊಳೆಯುವ ಪಂಪಿನ ಧಾರೆಯ ಶಕ್ತಿಯೇ ಬೇರೆ. ಆದರೆ ವಾಚುಗಳೊಳಗೆ ನೀರು ಸೇರಿಕೊಳ್ಳುವುದು ಧುಮುಕುವವರ ಕೈಯಲ್ಲಿ ಮಾತ್ರವಲ್ಲ. ಪಾತ್ರೆ ತೊಳೆಯುವವರ, ಮಳೆಯಲ್ಲಿ ಸ್ಕೂಟರ್ ಓಡಿಸುವವರ ಕೈಯಲ್ಲಿಯೂ ಅದು ನಡೆಯುತ್ತದೆ. ಕೈಪಿಡಿಯ ಎಚ್ಚರಿಕೆ ಸರಿಯಾದದ್ದೇ, ಅದಕ್ಕೆ ಕೊಡುವ ಕಾರಣ ಮಾತ್ರ ಸುಳ್ಳು. ಸುಳ್ಳು ಕಾರಣ ನಿಜವಾದ ಕಾರಣವನ್ನು ಹುಡುಕುವ ಗೋಜಿಗೆ ಯಾರನ್ನೂ ಹೋಗಗೊಡದಿರುವುದು ಅದರ ದೊಡ್ಡ ಕೇಡು.

ವಾಚಿನ ಕೇಸಿಗೆ ನೀರು ನುಗ್ಗಬಹುದಾದ ದಾರಿಗಳು ಮುಖ್ಯವಾಗಿ ಮೂರು: ಗಾಜು ಕೂರುವ ಅಂಚು, ಹಿಂಬದಿಯ ಮುಚ್ಚಳ, ಮತ್ತು ಸಮಯ ಹೊಂದಿಸಲು ತಿರುಗಿಸುವ ಕೀ. ಮೂರರಲ್ಲಿಯೂ ಕಾವಲಿಗಿರುವುದು ಗ್ಯಾಸ್ಕೆಟ್ ಎಂಬ ಸಣ್ಣ ಉಂಗುರ. ನೈಟ್ರೈಲ್‌ನಂಥ ಕೃತಕ ರಬ್ಬರಿನಿಂದಲೋ ಗಾಜಿನ ಅಂಚಿನಲ್ಲಾದರೆ ನೈಲಾನಿನಂಥ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಈ ಉಂಗುರವು ಎರಡು ಭಾಗಗಳ ನಡುವೆ ಹಿಸುಕಿಕೊಂಡು ಕೂತು, ತನ್ನ ಮೂಲ ಆಕಾರಕ್ಕೆ ಮರಳಲು ಸದಾ ಹವಣಿಸುತ್ತ ಇರುವುದರಿಂದಲೇ ಸಂದು ಮುಚ್ಚಿರುತ್ತದೆ. ಹಾಗೆ ಮರಳುವ ಗುಣ ಶಾಶ್ವತವಲ್ಲ. ವರ್ಷಗಟ್ಟಲೆ ಒತ್ತಿಕೊಂಡಿದ್ದ ರಬ್ಬರು ಒತ್ತಿದ ಆಕಾರದಲ್ಲಿಯೇ ನಿಂತುಬಿಡುತ್ತದೆ, ಗಾಳಿಯ ಆಮ್ಲಜನಕ ಮತ್ತು ಓಜೋನ್ ಅದನ್ನು ಗಡುಸಾಗಿಸಿ ಸೀಳುತ್ತವೆ, ಈಜುಕೊಳದ ಕ್ಲೋರಿನ್ನೂ ಸುಗಂಧದ್ರವ್ಯಗಳೂ ಮೃದುತ್ವವನ್ನು ಕಸಿಯುತ್ತವೆ. ಬೆವರಿನ ಮತ್ತು ಕಡಲ ನೀರಿನ ಉಪ್ಪು ರಬ್ಬರಿಗಿಂತ ಹೆಚ್ಚಾಗಿ ಅದು ಕೂರುವ ಲೋಹದ ಅಂಚನ್ನು ತಿನ್ನುತ್ತದೆ. ತುಕ್ಕು ಹಿಡಿಯದೆಂದು ಹೆಸರಾದ ಉಕ್ಕು ಕೂಡ ಗಾಳಿಯಾಡದ ಸಂದಿಯಲ್ಲಿ ಉಪ್ಪು ನಿಂತರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಒಮ್ಮೆ ಗುಳಿ ಬಿದ್ದ ಅಂಚಿಗೆ ಹೊಸ ಗ್ಯಾಸ್ಕೆಟ್ ಹಾಕಿದರೂ ಪ್ರಯೋಜನ ಕಡಿಮೆ. ಕೀಯ ಕಥೆ ಇನ್ನೂ ಕಷ್ಟದ್ದು, ಏಕೆಂದರೆ ಅಲ್ಲಿಯ ಉಂಗುರ ಸುಮ್ಮನೆ ಕೂತಿರುವುದಿಲ್ಲ, ತಿರುಗುವ ನಾಳದೊಂದಿಗೆ ಉಜ್ಜುತ್ತಿರುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಗಡಿಯಾರ ಕಾರ್ಖಾನೆಯಿಂದ ಹೊರಟ ಜನತಾದಂಥ ವಾಚುಗಳಿಗೆ ದಿನಾ ಕೀ ಕೊಡಬೇಕಿತ್ತು. ಅಂಥ ವಾಚು ಎಂದೂ ನೀರನ್ನು ಕಾಣದಿದ್ದರೂ ಅದರ ಕೀಯ ಬುಡ ಪ್ರತಿದಿನ ಸವೆಯುತ್ತಲೇ ಇರುತ್ತದೆ. ಸ್ನಾನಕ್ಕೆ ಮುಂಚೆ ವಾಚನ್ನು ಬಿಚ್ಚಿ ಗೂಡಿನಲ್ಲಿಡುತ್ತಿದ್ದ ಹಳೆಯ ತಲೆಮಾರಿನ ಅಭ್ಯಾಸಕ್ಕೆ ಯಾವ ಕೈಪಿಡಿಯ ಆಧಾರವೂ ಬೇಕಿರಲಿಲ್ಲ, ಆದರೂ ಅದು ಯಂತ್ರದ ಸ್ವಭಾವಕ್ಕೆ ಹೊಂದುವಂಥದ್ದೇ ಆಗಿತ್ತು.

ಗ್ಯಾಸ್ಕೆಟ್ಟಿನ ನಡವಳಿಕೆಯಲ್ಲಿ ಆಳದ ಕಲ್ಪನೆಯನ್ನೇ ತಲೆಕೆಳಗು ಮಾಡುವ ಗುಣವೊಂದಿದೆ. ಹೊರಗಿನ ಒತ್ತಡ ಏರಿದಂತೆಲ್ಲ ಗಾಜೂ ಮುಚ್ಚಳವೂ ಒಳಮುಖವಾಗಿ ಒತ್ತಿಕೊಂಡು, ರಬ್ಬರು ತನ್ನ ಕಾಲುವೆಯ ಮೂಲೆಗೆ ತಳ್ಳಲ್ಪಟ್ಟು, ಸಂದು ಇನ್ನಷ್ಟು ಬಿಗಿಯಾಗುತ್ತದೆ. ಬಳಲಿದ ಗ್ಯಾಸ್ಕೆಟ್ಟು ಐವತ್ತು ಮೀಟರಿನಲ್ಲಿ ನೀರು ತಡೆದು ಒಂದು ಮೀಟರಿನಲ್ಲಿ ಬಿಟ್ಟುಕೊಡುವುದು ಅಸಂಭವವೇನಲ್ಲ. ಮುಳುಗುಗಾರರ ವಾಚುಗಳಿಗಾಗಿ ಇರುವ ಬೇರೊಂದು ಮಾನಕ, ಐಎಸ್‌ಒ 6425, ಇದನ್ನು ಅರಿತೇ ರೂಪುಗೊಂಡಿದೆ: ಘೋಷಿತ ಒತ್ತಡದ ಒಂದೂಕಾಲು ಪಟ್ಟನ್ನು ಎರಡು ಗಂಟೆ ಹೇರಿದ ಮೇಲೆ, ಬಿಟ್ಟುಬಿಡದೆ ಕೇವಲ 0.3 ಬಾರ್‌ನಲ್ಲಿ, ಎಂದರೆ ಮೂರು ಮೀಟರಿನ ಒತ್ತಡದಲ್ಲಿ, ಇನ್ನೊಂದು ಗಂಟೆ ವಾಚನ್ನು ಇರಿಸಬೇಕೆಂದು ಅದು ವಿಧಿಸುತ್ತದೆ. ಆಳವಿಲ್ಲದ ನೀರು ಆಳದ ನೀರಿಗಿಂತ ಸುರಕ್ಷಿತವೆಂದು ನಂಬುವವರಿಗೆ ಈ ನಿಯಮ ಅರ್ಥವೇ ಆಗುವುದಿಲ್ಲ.

ಬಿಸಿ ಮತ್ತು ತಂಪಿನ ಬದಲಾವಣೆ ಇದಕ್ಕೆ ಜೊತೆಗೂಡುತ್ತದೆ. ಕೇಸಿನೊಳಗೆ ಬಂಧಿತವಾದ ಗಾಳಿ 40 ಡಿಗ್ರಿಯಿಂದ 20 ಡಿಗ್ರಿಗೆ ಇಳಿದರೆ ಅದರ ಒತ್ತಡ ನೂರಕ್ಕೆ ಆರರಷ್ಟು ತಗ್ಗುತ್ತದೆ. ಅದು ಸುಮಾರು 65 ಸೆಂಟಿಮೀಟರ್ ನೀರಿನ ಕಂಬದಷ್ಟು ಹೀರುವಿಕೆಗೆ ಸಮ, ಸೆಕೆಂಡಿಗೆ 3 ಮೀಟರ್ ವೇಗದ ತೋಳಿನ ಬೀಸಿಗೆ ಮೇಲೆ ಲೆಕ್ಕಹಾಕಿದ ಒತ್ತಡಕ್ಕಿಂತ ಹೆಚ್ಚು. ಲೋಹ, ಗಾಜು, ರಬ್ಬರು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅದೇ ಹೊತ್ತಿಗೆ ಸಂದುಗಳೂ ಸಡಿಲಗೊಳ್ಳುತ್ತವೆ. ಇದರ ಮೇಲೆ ಸೋಪು ಅಥವಾ ಸೀಗೆಕಾಯಿಯ ನೊರೆ ಸೇರಿದರೆ ನೀರಿನ ಮೇಲ್ಮೈ ಎಳೆತ, ಎಂದರೆ ನೀರಿನ ಹನಿಯನ್ನು ಗುಂಡಗೆ ಹಿಡಿದಿಟ್ಟು ಕಿರಿದಾದ ಬಿರುಕಿನೊಳಗೆ ನುಸುಳದಂತೆ ಮಾಡುವ ಬಲ, ಬಹಳ ಕುಗ್ಗಿ ಶುದ್ಧ ನೀರು ಹೋಗದ ಸಂದಿಗೆ ನೊರೆನೀರು ಹೊಗುತ್ತದೆ. ಹಂಡೆಯ ಬಿಸಿನೀರಿನ ಅಭ್ಯಂಜನ ಮುಗಿಸಿ ತಣ್ಣೀರಿಗೆ ಕೈಯೊಡ್ಡುವ ಮಣಿಕಟ್ಟು, ಲೆಕ್ಕದ ದೃಷ್ಟಿಯಿಂದ, ಕೊಳದಲ್ಲಿ ಈಜುವ ಮಣಿಕಟ್ಟಿಗಿಂತ ವಾಚಿಗೆ ಅಪಾಯಕಾರಿ.

ಗಾಜಿನೊಳಗೆ ಕಾಣುವ ಮಬ್ಬೆಲ್ಲವೂ ಸೋರಿಕೆಯ ಗುರುತೆಂದು ತಿಳಿಯುವುದೂ ಸರಿಯಲ್ಲ. ಮಳೆಗಾಲದಲ್ಲಿ ಕರಾವಳಿಯ ಊರೊಂದರಲ್ಲಿ ಬ್ಯಾಟರಿ ಬದಲಿಸಲೆಂದು ವಾಚಿನ ಮುಚ್ಚಳ ತೆರೆದು ಮುಚ್ಚಿದರೆ, ಒಳಗೆ ಉಳಿಯುವುದು ಅಲ್ಲಿಯ ತೇವದ ಗಾಳಿಯೇ. ಗಾಳಿ 28 ಡಿಗ್ರಿಯಲ್ಲಿದ್ದು ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 85ರಷ್ಟಿದ್ದರೆ, ಸುಮಾರು 25 ಡಿಗ್ರಿಗೆ ತಣಿಯುತ್ತಲೇ ಅದರಲ್ಲಿನ ಆವಿ ಹನಿಗಟ್ಟತೊಡಗುತ್ತದೆ. ಅಂಥ ವಾಚು ಏರ್ ಕಂಡಿಷನರ್ ಇರುವ ಕೋಣೆಯಲ್ಲಿ 20 ಡಿಗ್ರಿಗೆ ಬಂದಾಗ, ಒಂದು ಹನಿ ನೀರೂ ಒಳಗೆ ಹೋಗದೆಯೇ ಗಾಜು ಮಂಜಾಗಬಹುದು. ಇದರಲ್ಲಿ ಭಾಗಿಯಾಗುವ ನೀರಿನ ಪ್ರಮಾಣ ಅತ್ಯಲ್ಪ: ಕೇಸಿನೊಳಗಿನ ಖಾಲಿ ಜಾಗ ಎರಡು ಮಿಲಿಲೀಟರ್ ಎಂದಿಟ್ಟುಕೊಂಡರೆ ಅಲ್ಲಿರುವ ಒಟ್ಟು ಆವಿಯೇ ಒಂದು ಹನಿ ನೀರಿನ ಸಾವಿರದಲ್ಲೊಂದು ಪಾಲಿನಷ್ಟು. ರಬ್ಬರಿನ ಮೂಲಕವೇ ಆವಿಯ ಕಣಗಳು ನಿಧಾನವಾಗಿ ದಾಟಿ ಬರುತ್ತವೆಂಬುದನ್ನೂ ಇದರೊಂದಿಗೆ ಸೇರಿಸಿಕೊಳ್ಳಬೇಕು. ನೀರನ್ನು ದ್ರವರೂಪದಲ್ಲಿ ತಡೆಯುವ ತಡೆ ಆವಿರೂಪದಲ್ಲಿ ಪೂರ್ತಿಯಾಗಿ ತಡೆಯದು. ಅದಕ್ಕೆ ಬೇಕಾಗುವ ಕಾಲ ಮಾತ್ರ ಗಂಟೆಗಳದ್ದಲ್ಲ, ತಿಂಗಳು ವರ್ಷಗಳದ್ದು.

ಹೀಗೆ ಎಲ್ಲ ಕಾರಣಗಳೂ ಕಾಲದ ಕಡೆಗೆ ಬೊಟ್ಟು ಮಾಡುತ್ತಿರುವಾಗ ಅಳತೆ ಆಳದ ಕಡೆಗೆ ಹೇಗೆ ಹೊರಳಿತೆಂಬುದು ಇತಿಹಾಸದ ಪ್ರಶ್ನೆ. ತಿರುಪಿನಂತೆ ಬಿಗಿಯುವ ಮುಚ್ಚಳಗಳು ಜೇಬುಗಡಿಯಾರದ ಕಾಲದಲ್ಲಿಯೇ ಇದ್ದವಾದರೂ, ಮುಚ್ಚಳದ ಜೊತೆಗೆ ಕೀಯನ್ನೂ ತಿರುಪಿನಿಂದ ಬಿಗಿಯುವ ಕೈಗಡಿಯಾರವನ್ನು ‘ಆಯ್ಸ್ಟರ್’ ಎಂಬ ಹೆಸರಿನಲ್ಲಿ 1926ರಲ್ಲಿ ಲೋಕಪ್ರಸಿದ್ಧಗೊಳಿಸಿದವರು ರೋಲೆಕ್ಸ್ ಸಂಸ್ಥೆಯ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್. ಮರುವರ್ಷ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮರ್ಸಿಡೀಸ್ ಗ್ಲೈಟ್ಸೆ ಅವರ ಸಾಧನೆಯ ಬಗ್ಗೆ ಸಂದೇಹಗಳು ಎದ್ದಾಗ, ಅದೇ ತಿಂಗಳ 21ರಂದು ಆಕೆ ಮತ್ತೊಮ್ಮೆ ನೀರಿಗಿಳಿದರು; ಕೊರಳಿನಲ್ಲಿ ದಾರದಿಂದ ತೂಗುತ್ತಿದ್ದುದು ವಿಲ್ಸ್‌ಡಾರ್ಫ್ ಕೊಟ್ಟ ವಾಚು. ಕೊರೆಯುವ ಚಳಿಯಿಂದಾಗಿ ಹತ್ತು ಗಂಟೆಗಳಿಗೂ ಮೀರಿದ ಆ ಈಜು ದಡ ಮುಟ್ಟಲಿಲ್ಲ, ಆದರೆ ವಾಚು ನಡೆಯುತ್ತಿತ್ತು, ಮತ್ತು ನವೆಂಬರ್ 24ರಂದು ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಮುಖಪುಟವೇ ಜಾಹೀರಾತಾಯಿತು. ಜಾಹೀರಾತಿನ ಇತಿಹಾಸಕಾರರು ಅದನ್ನು ಪ್ರಚಾರತಂತ್ರದ ಉದಾಹರಣೆಯಾಗಿ ನೋಡುವುದುಂಟು. ಪರೀಕ್ಷೆಯೆಂಬ ದೃಷ್ಟಿಯಿಂದ ನೋಡಿದರೆ ಅದು ಇಂದಿನ ಹತ್ತು ನಿಮಿಷದ ಪರೀಕ್ಷೆಗಿಂತ ಒಂದರ್ಥದಲ್ಲಿ ಹೆಚ್ಚು ಅರ್ಥವತ್ತಾದುದು. ನೀರಿನ ಮೇಲ್ಮೈಯಲ್ಲಿ ತೇಲುವ ವಾಚಿಗೆ ಆಳದ ಒತ್ತಡ ಇಲ್ಲವೇ ಇಲ್ಲವೆನ್ನಬೇಕು. ಅಲ್ಲಿದ್ದದ್ದು ಉಪ್ಪುನೀರು, ತಂಪು, ಅಲುಗಾಟ ಮತ್ತು ಹತ್ತು ಗಂಟೆಗಳ ಅವಧಿ.

ಎರಡನೆಯ ಮಹಾಯುದ್ಧದ ನಂತರ ಉಸಿರಾಟದ ಉಪಕರಣ ಹೊತ್ತು ಮುಳುಗುವ ವಿದ್ಯೆ ಹಬ್ಬಿದಾಗ ಆಳ ನಿಜವಾದ ಬೇಡಿಕೆಯಾಯಿತು. ಬ್ಲಾಂಪಾ ಕಂಪನಿ 1953ರಲ್ಲಿ ಹೊರತಂದ ವಾಚಿನ ಹೆಸರೇ ‘ಫಿಫ್ಟಿ ಫ್ಯಾದಮ್ಸ್’, ಎಂದರೆ ಐವತ್ತು ಮಾರು, 91 ಮೀಟರ್‌ಗಿಂತ ತುಸು ಹೆಚ್ಚು. ಆಗಿನ ಮುಳುಗುಗಾರರಿಗೆ ಅದು ಉಪಯುಕ್ತವಾದ ಅಂಕಿಯಾಗಿತ್ತು. ಅಲ್ಲಿಂದ ಮುಂದೆ ಅಂಕಿಗೂ ಬಳಕೆಗೂ ಸಂಬಂಧ ತಪ್ಪಿತು. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ ನೌಕೆಯಲ್ಲಿ ಮರಿಯಾನಾ ಕಂದರದ ತಳಕ್ಕೆ ಇಳಿದಾಗ ನೌಕೆಯ ಹೊರಮೈಗೆ ಉಬ್ಬು ಗಾಜಿನ ವಿಶೇಷ ರೋಲೆಕ್ಸ್ ಒಂದನ್ನು ಕಟ್ಟಲಾಗಿತ್ತು, ಅದು ನಡೆಯುತ್ತಲೇ ಮೇಲೆ ಬಂತು. 2022ರಲ್ಲಿ 11,000 ಮೀಟರ್ ಎಂದು ಮುದ್ರಿತವಾದ ವಾಚು ಮಾರುಕಟ್ಟೆಗೇ ಬಂತು. ಈಜಿಪ್ಟಿನ ಅಹ್ಮದ್ ಗಬ್ರ್ 2014ರಲ್ಲಿ ದಹಾಬ್‌ನಲ್ಲಿ ಮಾಡಿದ 332 ಮೀಟರಿನ ದಾಖಲೆಯನ್ನೂ, ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಂಥ ತಾಣಗಳಲ್ಲಿ ಹವ್ಯಾಸಿಗಳು ಮುಳುಗುವ ಆಳವನ್ನೂ, ಹವ್ಯಾಸಿ ಮುಳುಗಾಟಕ್ಕೆ ರೂಢಿಯಲ್ಲಿರುವ 40 ಮೀಟರಿನ ಮಿತಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿದರೆ, ಈ ಅಂಕಿಗಳಲ್ಲಿ ಬಹುಪಾಲು ಯಾವ ಮಣಿಕಟ್ಟಿಗೂ ಸಂಬಂಧಿಸಿದ್ದಲ್ಲವೆಂದು ಕಾಣುತ್ತದೆ. ಯಂತ್ರಕೌಶಲದ ಪ್ರದರ್ಶನವೆಂದು ಅವನ್ನು ಮೆಚ್ಚಬಹುದು. ಆದರೆ ಆಳ ಒಂದು ದಿನದ ಪ್ರದರ್ಶನದಲ್ಲಿ ಸಾಬೀತಾಗುತ್ತದೆ, ಬಾಳಿಕೆ ಸಾಬೀತಾಗಲು ವರ್ಷಗಳು ಬೇಕು. ಜಾಹೀರಾತಿಗೆ ಒದಗುವುದು ಮೊದಲನೆಯದೇ.

ನಿಯಂತ್ರಣ ಸಂಸ್ಥೆಗಳ ಗಮನ ಈ ನಡುವೆ ಬೇರೆಡೆಗೆ ಹರಿದಿತ್ತು. ಪೂರ್ಣ ರಕ್ಷಣೆಯೆಂಬ ಭಾವನೆ ಹುಟ್ಟಿಸುವ ‘ವಾಟರ್‌ಪ್ರೂಫ್’ ಎಂಬ ಹಣೆಪಟ್ಟಿಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1960ರ ದಶಕದಲ್ಲಿ ಆಕ್ಷೇಪಿಸಿದ ಮೇಲೆ, ‘ವಾಟರ್ ರೆಸಿಸ್ಟೆಂಟ್’ ಎಂಬ ಮೆತ್ತನೆಯ ಮಾತು ಚಾಲ್ತಿಗೆ ಬಂದು ಮಾನಕಗಳಲ್ಲಿಯೂ ನೆಲೆಯಾಯಿತು. ಆದರೆ ಪಕ್ಕದ ಅಂಕಿ ಹಾಗೆಯೇ ಉಳಿಯಿತು, ಕೊಳ್ಳುವವರನ್ನು ಒಲಿಸುವ ಕೆಲಸವನ್ನು ಅದೊಂದೇ ಮಾಡತೊಡಗಿತು. ಸ್ಮಾರ್ಟ್‌ವಾಚುಗಳೂ ಇದೇ ಅಂಕಿಗಳನ್ನು ಎರವಲು ಪಡೆದಿವೆ. ಅಂಟಿನಿಂದ ಮುಚ್ಚಿದ ಅವುಗಳ ಮೈಯನ್ನು ಬಳಕೆದಾರರು ಮತ್ತೆ ಪರೀಕ್ಷಿಸಿ ಭದ್ರಪಡಿಸಿಕೊಳ್ಳುವಂತಿಲ್ಲವೆಂದೂ, ರಕ್ಷಣೆ ಕಾಲಕ್ರಮದಲ್ಲಿ ಕುಂದುತ್ತದೆಂದೂ ಕೆಲವು ತಯಾರಕರು ಬಾಯಿಬಿಟ್ಟು ಹೇಳುತ್ತಾರೆಂಬುದು ಅವರ ಹೆಚ್ಚುಗಾರಿಕೆ.

ಆಳದ ಅಂಕಿಯನ್ನು ತೆಗೆದುಹಾಕಬೇಕೆಂದು ಇದರ ಅರ್ಥವಲ್ಲ. ಒತ್ತಡವನ್ನು ಬಾರ್‌ನಲ್ಲಿ ಬರೆದರೆ ಕನಿಷ್ಠ ಈಜುಕೊಳದ ಆಳದೊಂದಿಗೆ ಹೋಲಿಸುವ ಭ್ರಮೆ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ ಅಂಕಿಯ ಜೊತೆ ಒಂದು ದಿನಾಂಕ ಇರಬೇಕು. ಭಾರತದ ಅಡುಗೆಮನೆಗಳಲ್ಲಿ ಇದಕ್ಕೊಂದು ಮಾದರಿ ಸಿದ್ಧವಾಗಿದೆ. ಗ್ಯಾಸ್ ಸಿಲಿಂಡರಿನ ಕೊರಳಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಅಕ್ಷರಗಳಲ್ಲೊಂದು ಮತ್ತು ಎರಡಂಕಿಯ ಇಸವಿ ಇರುತ್ತವೆ. ಅಕ್ಷರ ವರ್ಷದ ಯಾವ ಮೂರು ತಿಂಗಳೆಂಬುದನ್ನು ಸೂಚಿಸುತ್ತದೆ, ಆ ಅವಧಿಗೆ ಸಿಲಿಂಡರನ್ನು ಮರುಪರೀಕ್ಷೆಗೆ ಒಳಪಡಿಸಬೇಕು. ಉಕ್ಕಿನ ದಪ್ಪ ಗೋಡೆಯ ಪಾತ್ರೆಗೇ ಪರೀಕ್ಷೆಯ ಗಡುವು ಬೇಕೆಂದು ಒಪ್ಪಿರುವಾಗ, ಎಳೆಯಂಥ ರಬ್ಬರನ್ನು ನಂಬಿಕೊಂಡ ವಾಚಿಗೆ ಬೇಡವೆನ್ನುವುದು ಹೇಗೆ? ಸಿಲಿಂಡರು ಸೋರಿದರೆ ಪ್ರಾಣಾಪಾಯ, ವಾಚು ಸೋರಿದರೆ ಕೆಲವು ಸಾವಿರ ರೂಪಾಯಿಯ ನಷ್ಟ ಎಂಬ ವ್ಯತ್ಯಾಸ ನಿಜವಾದದ್ದು, ಆದ್ದರಿಂದ ಕಾನೂನಿನ ಕಡ್ಡಾಯದ ಮಾತು ಇಲ್ಲಿ ಅತಿಯಾದೀತು. ಮಾಹಿತಿಯನ್ನು ಬರೆಯಲು ಕಡ್ಡಾಯವೇ ಬೇಕೆಂದಿಲ್ಲ.

ಇದಕ್ಕೆ ತಯಾರಕರ ಕಡೆಯಿಂದ ಬರಬಹುದಾದ ಬಲವಾದ ಆಕ್ಷೇಪ, ಗ್ಯಾಸ್ಕೆಟ್ಟಿನ ಆಯುಷ್ಯ ಧರಿಸುವವರ ಬೆವರು, ಊರಿನ ಹವೆ, ಬಳಸುವ ರೀತಿ ಇವುಗಳ ಮೇಲೆ ನಿಂತಿರುವುದರಿಂದ ಯಾವ ದಿನಾಂಕವೂ ಎಲ್ಲರಿಗೂ ಸರಿಹೊಂದದು ಎಂಬುದು. ವಾದದ ಪೂರ್ವಾರ್ಧ ನಿಜ, ಮತ್ತು ನಿಜವಾಗಿರುವುದರಿಂದಲೇ ಅದು ಆಳದ ಅಂಕಿಗೂ ಅಷ್ಟೇ ಅನ್ವಯಿಸುತ್ತದೆ: ಎಲ್ಲರಿಗೂ ಹೊಂದದ ದಿನಾಂಕವನ್ನು ಬರೆಯಲಾಗದೆನ್ನುವವರು ಎಲ್ಲ ವಯಸ್ಸಿನ ವಾಚಿಗೂ ಹೊಂದದ ಮೀಟರನ್ನು ಹೇಗೆ ಬರೆಯುತ್ತಾರೆ? ಮರುಪರೀಕ್ಷೆಯ ಅವಧಿಯನ್ನು ಕೈಪಿಡಿಯ ಒಳಪುಟದಲ್ಲಿ ಈಗಾಗಲೇ ಸೂಚಿಸುವ ತಯಾರಕರಿದ್ದಾರೆ. ಮುಖದ ಮೇಲೆ ಮೀಟರು, ಒಳಪುಟದಲ್ಲಿ ಕಾಲ ಎಂಬ ಈ ಹಂಚಿಕೆಯೇ ತಕರಾರಿನ ಮೂಲ. ವೆಚ್ಚದ ಆಕ್ಷೇಪವೂ ಗಟ್ಟಿಯಲ್ಲ. ಗಾಳಿಯ ಒತ್ತಡದ ಪುಟ್ಟ ಯಂತ್ರದೊಳಗೆ ವಾಚನ್ನಿಟ್ಟು, ಗಾಜು ಒತ್ತಡಕ್ಕೆ ಎಷ್ಟು ಸೂಕ್ಷ್ಮವಾಗಿ ಬಾಗಿತು ಮತ್ತು ಹಾಗೆ ಬಾಗಿಯೇ ನಿಂತಿತೋ ಮೆಲ್ಲಗೆ ಮರಳಿತೋ ಎಂದು ಅಳೆಯುವ ವಿಧಾನದಿಂದ ಕೆಲವೇ ನಿಮಿಷಗಳಲ್ಲಿ ಸೋರಿಕೆ ತಿಳಿಯುತ್ತದೆ. ಗಾಜು ಮರಳಿತೆಂದರೆ ಹೊರಗಿನ ಗಾಳಿ ಒಳಗೆ ಸೇರಿ ಎರಡೂ ಕಡೆಯ ಒತ್ತಡ ಸಮವಾಗುತ್ತಿದೆಯೆಂದು ಅರ್ಥ. ನೀರೇ ಬಳಕೆಯಾಗದ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಾಚಿಗೂ ಹಾನಿಯಿಲ್ಲ.

ಬ್ಯಾಟರಿಯ ವಾಚುಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ಹೇಗೂ ತೆರೆಯಲೇಬೇಕಾಗುವುದರಿಂದ ಪರೀಕ್ಷೆಗೆ ಬೇರೆ ಸಂದರ್ಭ ಹುಡುಕಬೇಕಾಗಿಲ್ಲ. ದುರದೃಷ್ಟವೆಂದರೆ ರಸ್ತೆಬದಿಯ ಅಂಗಡಿಗಳಲ್ಲಿ ಆ ಕೆಲಸ ಹೆಚ್ಚಾಗಿ ಹಳೆಯ ಗ್ಯಾಸ್ಕೆಟ್ಟನ್ನೇ ಉಳಿಸಿಕೊಂಡು, ಮುಚ್ಚಳವನ್ನು ಹೆಬ್ಬೆರಳಿನಿಂದ ಅದುಮುವಲ್ಲಿಗೆ ಮುಗಿಯುತ್ತದೆ, ಮತ್ತು ಆ ಗಳಿಗೆಯಿಂದ ಡಯಲಿನ ಮೇಲಿನ ಅಂಕಿಗೆ ಯಾರೂ ಹೊಣೆಗಾರರಲ್ಲ. ವಾಚು ರಿಪೇರಿಯವರಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ: ಕೆಲಸ ಮುಗಿದ ಮೇಲೆ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ದಿನಾಂಕವನ್ನೋ ತಮ್ಮ ಗುರುತನ್ನೋ ಸಣ್ಣದಾಗಿ ಗೀರುವುದು. ಮುಂದೆ ತೆರೆಯುವ ಇನ್ನೊಬ್ಬ ರಿಪೇರಿಯವರಿಗೆ ಅದು ಯಂತ್ರದ ಹಿಂದಿನ ಚರಿತ್ರೆಯನ್ನು ತಿಳಿಸುತ್ತದೆ, ವಾಚಿನ ಒಡೆಯರ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಪರೀಕ್ಷಿಸಿದ ಒತ್ತಡ ಎಷ್ಟು ಬಾರ್, ಪರೀಕ್ಷಿಸಿದ ತಿಂಗಳು ಯಾವುದು ಎಂಬೆರಡನ್ನು ಅಂಗಡಿಯ ಬಿಲ್ಲಿನ ಮೇಲೆ ಒಂದು ಸಾಲಿನಲ್ಲಿ ಬರೆದುಕೊಟ್ಟರೂ ಆ ಚರಿತ್ರೆ ಒಡೆಯರ ಕೈಗೆ ಬಂದಂತಾಗುತ್ತದೆ. ಅದಕ್ಕೆ ಹೊಸ ಮಾನಕವಾಗಲಿ ಹೊಸ ಕಾಯ್ದೆಯಾಗಲಿ ಬೇಕಿಲ್ಲ.